ಹೊರಮುಖದ ಲಂಬ

ಸಾಕು ಎಂದು ಅಕ್ಕ ಹೇಳಿದ್ದು ನಿನ್ನೆ ಸಂಜೆ. ಆಗ ಅವನೊಳಗೆ ಮೊದಲು ಎದ್ದದ್ದು ದುಃಖವಲ್ಲ. ದುಃಖ ಆಮೇಲೆ ಬಂತು, ತಡವಾಗಿ ಬಂದ ನೆಂಟನ ಹಾಗೆ ಬಂದು ಗಟ್ಟಿಯಾಗಿ ಜಾಗ ಹಿಡಿದು ಕೂತಿತು, ಅದು ಬೇರೆ ಮಾತು. ಆದರೆ ಅದಕ್ಕಿಂತ ಮುಂಚೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋದದ್ದು ಏನು? ರಾತ್ರಿಯಿಡೀ ಅದಕ್ಕೊಂದು ಹೆಸರಿಡಲು ಅವನಿಗೆ ಧೈರ್ಯ ಸಾಲಲಿಲ್ಲ. ಬೆಳಿಗ್ಗೆ, ಅಕ್ಕನ ಹೊಟ್ಟೆಯಿಂದ ಇಳಿದ ನೀರಿನ ಚೀಲವನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಮುಳ್ಳು ನಿಲ್ಲುವುದನ್ನು ಕಾಯುತ್ತ ನಿಂತಾಗ, ಹೆಸರು ತಾನಾಗಿಯೇ ನಾಲಿಗೆಯ ತುದಿಗೆ ಬಂತು. ಹಾಯೆನಿಸಿತ್ತು. ಎತ್ತಿ ಆಡಿಸಿದ ಅಕ್ಕ, ಅಮ್ಮ ಹೋದ ಮೇಲೆ ಅಮ್ಮನ ಜಾಗದಲ್ಲಿ ನಿಂತ ಅಕ್ಕ, ಬದುಕಿದ್ದು ಸಾಕು ಅಂದರೆ ತಮ್ಮನಾದವನಿಗೆ ಹಾಯೆನಿಸುತ್ತದೆ. ಥೂ ನನ್ನ ಜನ್ಮಕ್ಕೆ, ಎಂದುಕೊಂಡ. ಮುಳ್ಳು ನಿಂತಿತು.

“ಎಷ್ಟಿದೆ?” ಅಕ್ಕ ಮಂಚದಿಂದಲೇ ಕೇಳಿದಳು.

“ಹಾಕಿದ್ದಕ್ಕಿಂತ ಕಡಿಮೆ.”

“ಇವತ್ತೂ?”

“ಇವತ್ತೂ.”

“ನನ್ನ ಹೊಟ್ಟೆ ಬಾಡಿಗೆಗೆ ಕೊಟ್ಟ ಮನೆ ಆಗೋಯ್ತು ನೋಡು. ಬಂದೋರು ಖಾಲಿ ಮಾಡೋ ಮಾತೇ ಎತ್ತಲ್ಲ.”

ಅವನು ನಗಲಿಲ್ಲ. ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದ. ಅದರ ಹಿಂದೆ ಅಚ್ಚಾದ ಕಾಗದವೊಂದನ್ನು ಇಟ್ಟು ಓದಬೇಕು. ಅಕ್ಷರ ಕಂಡರೆ ನೀರು ತಿಳಿಯಾಗಿದೆ ಎಂದರ್ಥ, ಮಸುಕಾದರೆ ಒಳಗೆ ಸೋಂಕು. ಅಕ್ಕ ಜೀವನಪೂರ್ತಿ ಟೈಪಿಂಗ್ ಕಲಿಸಿದವಳು. ಇದಕ್ಕೂ ತನ್ನ ಶಾಲೆಯ ಹಳೆಯ ಅಭ್ಯಾಸದ ಹಾಳೆಯೊಂದನ್ನೇ ಕೊಟ್ಟಿದ್ದಳು. “ನೀರು ಸ್ವಚ್ಛವಾಗಿದೆ. ನಿನ್ನ ಮುಖ ಮಾತ್ರ ಮಸುಕು,” ಎಂದಳು. ಅದಕ್ಕೂ ಅವನು ನಗಲಿಲ್ಲ. ಅವಳು ಗೋಡೆಯ ಕಡೆ ಹೊರಳಿದಳು.

ಕಿಡ್ನಿಗಳು ಕೈಕೊಟ್ಟ ಮೇಲೆ ಈ ಮನೆಯ ದಿನಚರಿಯೇ ಇದು. ಮೊಣಕೈವರೆಗೆ ಕೈ ತೊಳೆದು, ಹೊಟ್ಟೆಗೆ ಕೂರಿಸಿದ ನಳಿಕೆಯಿಂದ ಸಕ್ಕರೆ ಬೆರೆತ ನೀರನ್ನು ಒಳಗೆ ಬಿಡುವುದು, ಕೆಲವು ಗಂಟೆ ಅಲ್ಲೇ ಇರಗೊಡುವುದು, ಆಮೇಲೆ ಕೆಳಗಿಟ್ಟ ಖಾಲಿ ಚೀಲಕ್ಕೆ ಇಳಿಸಿಕೊಂಡು ಮತ್ತೆ ಹೊಸದನ್ನು ತುಂಬುವುದು. ಹೊಟ್ಟೆಯ ಒಳಗೆ ತೆಳ್ಳನೆಯ ಪೊರೆಯೊಂದಿದೆ. ರಕ್ತದ ಕಶ್ಮಲವೂ ಮೈಯಲ್ಲಿ ಹೆಚ್ಚಾದ ನೀರೂ ಅದನ್ನು ದಾಟಿ ಆ ಸಕ್ಕರೆ ನೀರಿಗೆ ಬರಬೇಕು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇದನ್ನು ಚಿತ್ರ ಬರೆದು ತೋರಿಸಿದ ದಿನ ಅವನಿಗೆ, ಹೇಳಿಕೊಳ್ಳಲು ನಾಚಿಕೆ, ಒಳಗೊಳಗೇ ಖುಷಿಯಾಗಿತ್ತು. ಮೇಲ್ಮೈ, ಅದನ್ನು ದಾಟುವ ಹರಿವು: ಕಾಲೇಜಿನಲ್ಲಿ ವರ್ಷ ವರ್ಷವೂ ಅವನು ಕಲಿಸುವ ಪಾಠ. ಆ ಪೊರೆಯ ಒಟ್ಟು ವಿಸ್ತೀರ್ಣ ಎಷ್ಟಿರಬಹುದು ಎಂದು ಕೇಳಿಯೇಬಿಟ್ಟಿದ್ದ. ಡಾಕ್ಟರಮ್ಮ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದ್ದರು. “ಇವನು ಹಿಂಗೇ ಡಾಕ್ಟರೇ,” ಅಕ್ಕ ಹೇಳಿದ್ದಳು, “ಸಾವಿನ ಮನೆಗೆ ಹೋದ್ರೂ ಬಾಗಿಲ ಅಗಲ ಎಷ್ಟು ಅಂತ ಕೇಳ್ತಾನೆ.” ಮೂವರೂ ನಕ್ಕಿದ್ದರು. ಆಗ ನಗುವುದು ಸುಲಭವಿತ್ತು, ಹಾಕಿದ್ದಕ್ಕಿಂತ ಬಂದದ್ದು ಹೆಚ್ಚಿರುತ್ತಿತ್ತು. ಈಗ ಕೆಲವು ವಾರಗಳಿಂದ ಸಕ್ಕರೆ ಎಷ್ಟೇ ಗಟ್ಟಿಯಾದ ಚೀಲ ಏರಿಸಿದರೂ ನೀರು ಇಳಿಯುತ್ತಿಲ್ಲ. ಪೊರೆ ದಣಿದಿದೆ, ಅಷ್ಟೇ, ಎಂದಿದ್ದರು ನಿನ್ನೆ ಸಂಜೆ ಮನೆಗೆ ಬಂದ ಡಾಕ್ಟರಮ್ಮ. ಇನ್ನು ಉಳಿದ ದಾರಿ ಆಸ್ಪತ್ರೆಯ ಯಂತ್ರ. ಅದಕ್ಕೆ ನಾಳೆ ಬೆಳಿಗ್ಗೆ ಕುತ್ತಿಗೆಗೆ ನಳಿಕೆ ಕೂರಿಸಬೇಕು. ಅಕ್ಕನ ಹೃದಯ ಅದನ್ನು ತಡೆಯುತ್ತದೋ ಇಲ್ಲವೋ ಹೇಳಲಾರೆ, ಎಂದಿದ್ದರು. ತಡೆದರೆ ಇನ್ನಷ್ಟು ಕಾಲ, ತಡೆಯದಿದ್ದರೆ ಅಲ್ಲೇ. ಬೇಡವೆಂದರೆ ಮನೆಯಲ್ಲೇ, ಕೆಲವೇ ದಿನ. ಅದನ್ನೆಲ್ಲ ಕೇಳಿಸಿಕೊಂಡ ಅಕ್ಕ ಚಾದರ ಸರಿಮಾಡಿಕೊಂಡು, ಯಾರೋ ಇನ್ನೊಂದು ಲೋಟ ಚಹಾ ಬೇಕಾ ಎಂದು ಕೇಳಿದ ಹಾಗೆ, “ಸಾಕು” ಎಂದಿದ್ದಳು.

ಅಲ್ಲಿಗೇ ನಿಂತಿದ್ದರೆ ಅವನೂ ಬಚಾವಾಗುತ್ತಿದ್ದ. ಅವಳು ನಿಲ್ಲಿಸಲಿಲ್ಲ. ಡಾಕ್ಟರಮ್ಮ ಹೋದ ಮೇಲೆ ಅವನ ಕಡೆ ತಿರುಗಿ, “ನಾನು ಸಾಕು ಅಂದಿದೀನಿ. ಆದ್ರೆ ನೀನು ಹೋಗೋಣ ಅಂದ್ರೆ ಎದ್ದು ಬರ್ತೀನಿ. ನೀನೇ ಹೇಳು. ನಾಡಿದ್ದು ಬೆಳಿಗ್ಗೆ ಹೋಗೋದಿದ್ರೆ ನಾಳೆ ಸಂಜೆ ಒಳಗೆ ಫೋನ್ ಮಾಡ್ಬೇಕಂತೆ,” ಎಂದಳು. ನೀನೇ ಹೇಳು. ಏನಂತ ಹೇಳುವುದು? ಬೇಡ ಅಂದರೆ, ಆ ಬೇಡ ಯಾರದು, ಅಕ್ಕನಿಗಾಗಿ ಬಂದದ್ದೋ, ಹಾಯೆನಿಸಿದವನ ಬಾಯಿಂದ ಬಂದದ್ದೋ? ಹೋಗೋಣ ಅಂದರೆ, ಅದು ಅವಳು ಇರಲಿ ಅಂತಲೋ, ಅಥವಾ ಹಾಯೆನಿಸಿತಲ್ಲ ಎಂಬ ನಾಚಿಕೆಯನ್ನು ಮುಚ್ಚಿಕೊಳ್ಳಲು ಆ ಮುದುಕಿಯ ಕುತ್ತಿಗೆಗೆ ನಳಿಕೆ ಚುಚ್ಚಿಸುವುದೋ? ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನಿಂತು ಅವನು ಇದನ್ನೇ ತಿರುಗಿಸಿ ತಿರುಗಿಸಿ ನೋಡಿದ. ಯಾರೋ ಕಾಲು ತುಳಿದರು. ಕ್ಷಮಿಸಿ ಎಂದು ಅವನೇ ಹೇಳಿದ.

ಸ್ಟಾಫ್ ರೂಮಿನ ಬಾಗಿಲಲ್ಲಿ ಭೌತಶಾಸ್ತ್ರದವರು ಎದುರಾದರು. “ಅಕ್ಕ ಹೇಗಿದಾರೆ?” ಎಂದರು, ಅವನು ಬಾಯಿ ತೆರೆಯುವುದರೊಳಗೆ “ಎಲ್ಲಾ ಸರಿಹೋಗತ್ತೆ ಬಿಡಿ” ಎಂದು ಅವನ ಭುಜ ಸವರಿ ಮುಂದೆ ಹೋದರು. ಒಳ್ಳೆಯ ಮನುಷ್ಯ, ದೂರುವ ಹಾಗಿಲ್ಲ. ತರಗತಿಗೆ ಹೋಗಿ ಹಲಗೆಯ ಮುಂದೆ ನಿಂತಾಗ ಅವರ ಕೈಯ ನೆನಪಿನಲ್ಲೇ ಪಾಠ ಶುರುವಾಯಿತು. ಮೇಲ್ಮೈಯ ಮೇಲೆ ಸವರಿಕೊಂಡು ಹೋಗುವ ಹರಿವು ಲೆಕ್ಕಕ್ಕಿಲ್ಲ, ಎಂದ. ಎಷ್ಟೇ ಜೋರಾಗಿರಲಿ, ಪಕ್ಕದಲ್ಲಿ ಜಾರಿಕೊಂಡು ಹೋದರೆ ಅದರ ಕೊಡುಗೆ ಸೊನ್ನೆ. ಮೇಲ್ಮೈಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದು ತುಂಡಿನ ಮೇಲೂ ನೆಟ್ಟಗೆ ಒಂದು ಬಾಣ ನಿಲ್ಲಿಸಿ, ಹರಿವಿನಲ್ಲಿ ಆ ಬಾಣದ ಗುಂಟ ಇರುವ ಪಾಲು ಎಷ್ಟೋ ಅಷ್ಟನ್ನು ಮಾತ್ರ ಎತ್ತಿಕೊಂಡು, ಎಲ್ಲವನ್ನೂ ಕೂಡಿಸಬೇಕು. ಆ ನೆಟ್ಟನೆಯ ಬಾಣವೇ ಲಂಬ. ಕೂಡಿಸಿ ಬಂದದ್ದೇ ಫ್ಲಕ್ಸ್. ಸೊನ್ನೆ ಎಂದಾಗಲೆಲ್ಲ ಅವನಿಗೆ ಕಿವಿ ಬಿಸಿಯಾಗುತ್ತಿತ್ತು, ಈ ವಯಸ್ಸಿನಲ್ಲೂ. ಚಿಕ್ಕಂದಿನಲ್ಲಿ ತಲೆ ಬೋಳಿಸಿದಾಗ ಅದರ ಗುಂಡಗಿನ ಆಕಾರ ಕಂಡು ಅಕ್ಕ ಇಟ್ಟ ಹೆಸರು ಅದು. ಸೊನ್ನೆ, ಹಾಲು ಕುಡಿ. ಸೊನ್ನೆ, ಬೆರಳು ಎಣಿಸಬೇಡ, ಮನಸ್ಸಲ್ಲಿ ಕೂಡಿಸು. ಟೈಪ್‌ರೈಟರುಗಳು ಒಟ್ಟಿಗೆ ಸದ್ದು ಮಾಡುವ ಆ ಉದ್ದ ಕೋಣೆಯಲ್ಲಿ ಅವಳ ಮೇಜಿನ ಕೆಳಗೆ ಕೂತು ಅವನು ಮಗ್ಗಿ ಕಲಿತದ್ದು. ಆ ಗದ್ದಲದಲ್ಲಿ ಅವಳು ಗದರಿದ್ದೂ ಮುದ್ದು ಮಾಡಿದ್ದೂ ಒಂದೇ ಸಮ ಕೂಗಿಯೇ ಆಗಬೇಕಿತ್ತು. ಅದಕ್ಕೇ ಇವತ್ತಿಗೂ ಅವಳು ಮೆಲ್ಲಗೆ ಮಾತಾಡಿದರೆ ಅವನಿಗೆ ಭಯ.

ಹಲಗೆಯ ಮೇಲೆ ಅರ್ಧಗೋಳದ ಬಟ್ಟಲು ಬರೆದ. ಕೇಂದ್ರದಿಂದ ಎಲ್ಲ ಕಡೆಗೂ ಹೊರಕ್ಕೆ ಚಿಮ್ಮುವ ಹರಿವು, ಬಟ್ಟಲಿನ ಗೋಡೆಯನ್ನು ದಾಟುವುದೆಷ್ಟು? ಪುಸ್ತಕದಲ್ಲಿರುವ ಹಳೇ ಲೆಕ್ಕ, ನಿದ್ದೆಗಣ್ಣಿನಲ್ಲೂ ಮಾಡುತ್ತಾನೆ. ಬಾಣಗಳನ್ನು ನಿಲ್ಲಿಸಿದ, ಗುಣಿಸಿದ, ಕೂಡಿಸಿದ, ಕೊನೆಯ ಸಾಲನ್ನು ಬರೆದು ಕೆಳಗೆ ಎರಡು ಗೆರೆ ಎಳೆದ. ತರಗತಿಯಲ್ಲಿ ಒಂದು ಥರದ ಮೌನ ಹುಟ್ಟಿತು. ಕಲಿಸಿ ಕಲಿಸಿ ಹಣ್ಣಾದವನಿಗೆ ಆ ಮೌನ ಗೊತ್ತು: ತಪ್ಪಾಗಿದೆ, ಹೇಳುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡುವ ಮೌನ.

“ಸರ್,” ಮುಂದಿನ ಬೆಂಚಿನ ಹುಡುಗಿ ಎದ್ದಳು, “ಮೈನಸ್ ಬಂದಿದೆ.”

ತಿರುಗಿ ನೋಡಿದ. ಬಂದಿತ್ತು. ಬಾಣಗಳನ್ನೆಲ್ಲ ಅವನು ಬಟ್ಟಲಿನ ಒಳಮುಖವಾಗಿ ನಿಲ್ಲಿಸಿದ್ದ. ಯಾಕೆಂದು ಅವನಿಗೆ ಆ ಕ್ಷಣವೇ ಹೊಳೆಯಿತು. ಮನೆಯಲ್ಲಿ ಅವನು ಲೆಕ್ಕ ಹಾಕುವುದು ಚೀಲದ ಕಡೆಯಿಂದ. ಚೀಲದೊಳಕ್ಕೆ ಬಂದಷ್ಟೂ ಲಾಭ. ತಿಂಗಳುಗಟ್ಟಲೆ ದಿನವೂ ಚೀಲದ ಕಡೆ ನಿಂತು ನೋಡಿ ನೋಡಿ, ಬಟ್ಟಲು ಕಂಡರೂ ಒಳಗೆ ಬರುವುದೇ ಪ್ಲಸ್ ಎಂದು ಕೈ ತಾನಾಗಿಯೇ ತಿರುಗಿತ್ತು. ಅಕ್ಕನ ಕಡೆಯಿಂದ ಒಂದು ದಿನವಾದರೂ ಲೆಕ್ಕ ಹಾಕಿದ್ದೇನೆಯೇ? ಅಳಿಸಿ ಬರೆದಿದ್ದರೆ ಮುಗಿದುಹೋಗುತ್ತಿತ್ತು, ಮೇಷ್ಟ್ರುಗಳೂ ಮನುಷ್ಯರೇ. ಆದರೆ ಅವನ ಬಾಯಿಂದ ಬಂದದ್ದು ಬೇರೆ.

“ದಿಕ್ಕು ನಾವು ಆರಿಸಿಕೊಳ್ಳೋದು. ಒಳಮುಖ ಅಂತ ತಗೊಂಡ್ರೆ ಮೈನಸ್, ಹೊರಮುಖ ಅಂತ ತಗೊಂಡ್ರೆ ಪ್ಲಸ್. ಎರಡೂ ಸರಿಯೇ.”

“ಪ್ರಶ್ನೇಲಿ ಹೊರಮುಖದ ಲಂಬ ಅಂತ ಕೊಟ್ಟಿದಾರಲ್ಲ ಸರ್.”

“ಗೊತ್ತಿದೆ. ಕೂತ್ಕೋ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಕೂತಳು. ಅವಳು ತಲೆ ತಗ್ಗಿಸಿದ್ದು ತನಗಾಗಿ ಅಲ್ಲ, ಅವನಿಗಾಗಿ ಎಂದು ಅವನಿಗೆ ಗೊತ್ತಾಯಿತು. ಉಳಿದ ಹೊತ್ತು ಹಲಗೆಗೆ ಮುಖ ಮಾಡಿಕೊಂಡೇ ಕಳೆದ.

ಗಂಟೆ ಹೊಡೆದ ಮೇಲೆ ಅವಳು ಹಿಂದೆಯೇ ಬಂದಳು. ಕಾರಿಡಾರಿನಲ್ಲಿ ಅವನು ಬೇಕೆಂದೇ ಜೋರಾಗಿ ಹೆಜ್ಜೆ ಹಾಕಿದ, ಅವಳೂ ಹಾಕಿದಳು. ಹೋದ ಟೆಸ್ಟಿನಲ್ಲಿ ಇದೇ ಮೈನಸ್ಸಿಗೆ ಅವಳ ಇಡೀ ಲೆಕ್ಕವನ್ನು ಹೊಡೆದುಹಾಕಿದ್ದು ಅವನಿಗೆ ನೆನಪಿತ್ತು. ಅದನ್ನೇ ಕೇಳುತ್ತಾಳೆ, ಕೇಳಲಿ, ಪೂರ್ತಿ ಅಂಕ ಕೊಟ್ಟು ಸಾಗಹಾಕಿದರಾಯಿತು ಎಂದುಕೊಂಡು ನಿಂತ.

“ಅಂಕಕ್ಕೆ ಬಂದಿದ್ದಲ್ಲ ಸರ್,” ಅವಳೇ ಹೇಳಿದಳು, ಮುಖ ಓದಿದವಳ ಹಾಗೆ. “ಒಂದು ಡೌಟು. ಪ್ರಶ್ನೇಲಿ ದಿಕ್ಕು ಕೊಡದೇ ಇದ್ರೆ, ಆಗ ಯಾರು ಆರಿಸ್ಬೇಕು?”

“ಲೆಕ್ಕ ಮಾಡೋನು.”

“ಯಾವುದು ಬೇಕಾದ್ರೂ ಆರಿಸ್ಬಹುದಾ?”

“ಬಹುದು. ಆದ್ರೆ ಮೊದಲೇ ಹೇಳಿಬಿಡ್ಬೇಕು. ಉತ್ತರ ನೋಡ್ಕೊಂಡು ಆಮೇಲೆ ದಿಕ್ಕು ತಿರುಗಿಸೋ ಹಾಗಿಲ್ಲ. ಅದು ಮೋಸ.” ತನ್ನ ಮಾತು ತನಗೇ ಕೇಳಿಸಿ ಅವನು ತಡೆದ. ಮೊದಲೇ ಹೇಳಿಬಿಡಬೇಕು. ಎಷ್ಟು ವರ್ಷದಿಂದ ಹೇಳುತ್ತ ಬಂದಿದ್ದಾನೆ ಇದನ್ನು, ಎಷ್ಟು ಜನಕ್ಕೆ. ಕಾರಿಡಾರಿನ ಆ ತುದಿಯಲ್ಲಿ ಯಾರೋ ನೆಲ ಒರೆಸುತ್ತಿದ್ದರು. “ಒಳಗೆ ನಾನು ಮಾಡಿದ್ದು ತಪ್ಪಮ್ಮ,” ಎಂದ. “ಎಲ್ಲರ ಮುಂದೆ ಒಪ್ಪಿಕೋಬೇಕಿತ್ತು.”

“ಪರವಾಗಿಲ್ಲ ಸರ್,” ಎಂದಳು ಹುಡುಗಿ, ದೊಡ್ಡವರು ಚಿಕ್ಕವರಿಗೆ ಹೇಳುವ ದನಿಯಲ್ಲಿ. “ಮನೇಲಿ ಎಲ್ಲಾ ಚೆನ್ನಾಗಿದಾರಾ?”

ಅವನು ಹೂಂ ಎಂದು, ಕನ್ನಡಕ ಒರೆಸಿಕೊಂಡು, ಮಧ್ಯಾಹ್ನದ ತರಗತಿಗಳಿಗೆ ರಜೆ ಬರೆದು ಹೊರಬಿದ್ದ. ಬಸ್ಸಿಗೆ ಕಾಯದೆ ನಡೆದೇ ಹೊರಟ. ಈಗ ಅವನಿಗೆ ಒಂದು ದಾರಿ ಕಂಡಿತ್ತು. ಕಂಡ ದಾರಿ ನೆಟ್ಟಗಿತ್ತು, ಅದರಲ್ಲೇ ಅವನಿಗೆ ಸಮಾಧಾನ. ಉತ್ತರ ಕೊಡುವ ಮುಂಚೆ ತಾನು ಯಾವ ಕಡೆ ನಿಂತು ಉತ್ತರ ಕೊಡುತ್ತಿದ್ದೇನೆ ಎಂದು ಅಕ್ಕನಿಗೆ ಹೇಳಿಬಿಡುವುದು. ಹಾಯೆನಿಸಿದ್ದನ್ನು ಹೇಳಿಬಿಡುವುದು. ಆಮೇಲೆ ಹೋಗೋಣ ಅಂದರೂ ಬೇಡ ಅಂದರೂ ಅದರಲ್ಲಿ ಮೋಸವಿರುವುದಿಲ್ಲ. ಅವಳೇ ತೂಗಿ ನೋಡಿಕೊಳ್ಳಲಿ. ಅವಳಿಗೆ ಗೊತ್ತಿಲ್ಲದ್ದೇನಿದೆ? ಅವನು ಮೊದಲ ಸಲ ಸಿಗರೇಟು ಸೇದಿದ್ದು, ಪರೀಕ್ಷೆಯ ಅಂಕದ ಬಗ್ಗೆ ಸುಳ್ಳು ಹೇಳಿದ್ದು, ಯಾರನ್ನೋ ಇಷ್ಟಪಟ್ಟು ಬಾಯಿಬಿಡಲಾಗದೆ ಒಣಗಿದ್ದು, ಎಲ್ಲವೂ ಅವನು ಹೇಳುವ ಮುಂಚೆಯೇ ಅವಳಿಗೆ ಗೊತ್ತಿತ್ತು. ಇದೂ ಗೊತ್ತಿರುತ್ತದೆ. ಗೊತ್ತಿತ್ತು ಕಣೋ ಬೆಪ್ಪೇ, ಅನ್ನುತ್ತಾಳೆ, ತಲೆಗೊಂದು ಮೊಟಕುತ್ತಾಳೆ, ಮುಗಿಯುತ್ತದೆ. ಅಂಗಡಿಗಳ ಮುಂದೆ, ನಿಂತ ಸ್ಕೂಟರುಗಳ ನಡುವೆ ಅವನು ಓಡಿದಂತೆ ನಡೆದ. ಹಸಿವಾಗಿದೆ ಎಂಬುದೂ ಮನೆಯ ಮೆಟ್ಟಿಲ ಹತ್ತಿರ ಬಂದಾಗಲೇ ಗೊತ್ತಾದದ್ದು.

ಕೆಳಮನೆಯಾಕೆ ಆಗಷ್ಟೇ ಅಕ್ಕನನ್ನು ನೋಡಿಕೊಂಡು ಇಳಿದು ಬರುತ್ತಿದ್ದರು. ಏನೂ ತಿನ್ನಲಿಲ್ಲ, ಕಾಲು ಊದಿದೆ, ಎಂದರು. ಒಳಗೆ ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಚಾದರದ ಮೇಲೆ ಬೆರಳುಗಳು ಆಡುತ್ತಿದ್ದವು. ಯೋಚನೆ ಮಾಡುವಾಗ ಅವಳು ಹೀಗೆ ಇಲ್ಲದ ಕೀಲಿಗಳನ್ನು ಒತ್ತುತ್ತಾಳೆ.

“ಇಷ್ಟು ಬೇಗ ಬಂದ್ಯಾ? ಹುಡುಗರು ಓಡಿಸಿದ್ರಾ?”

“ಅಕ್ಕ, ಡಾಕ್ಟರಿಗೆ ಫೋನ್ ಮಾಡೋ ಮುಂಚೆ ನಿನಗೊಂದು ಮಾತು ಹೇಳ್ಬೇಕು.”

“ಹೇಳು. ಅದಕ್ಕೇನು ಟಿಕೆಟ್ಟಾ?”

ಅವನು ಕುರ್ಚಿ ಎಳೆದುಕೊಂಡ. ಎಳೆದ ಸದ್ದು ಕರ್ಕಶವಾಗಿತ್ತು. “ನಿನ್ನೆ ನೀನು ಸಾಕು ಅಂದಾಗ, ನನಗೆ ಹಾಯೆನಿಸ್ತು.”

ಬೆರಳುಗಳು ನಿಂತವು. “ಒಂದೇ ಕ್ಷಣ ಅಕ್ಕ, ಆಮೇಲೆ ಅಲ್ಲ,” ಎಂದು ಸೇರಿಸಲು ಹೊರಟವನು ಸೇರಿಸಲಿಲ್ಲ. ಸೇರಿಸಿದರೆ ಚೌಕಾಶಿಯಾಗುತ್ತದೆ. ಗೊತ್ತಿತ್ತು ಕಣೋ ಎಂಬ ಮಾತಿಗೆ ಕಾದ. ಅಕ್ಕ ಕಣ್ಣು ತೆರೆದು ಅವನನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು, ಗುರುತಿನವನೇ ಅಲ್ಲವೇ ಎಂದು ಖಾತ್ರಿ ಮಾಡಿಕೊಳ್ಳುವ ಹಾಗೆ.

“ಅದು ನನಗೆ ಗೊತ್ತಿರಲಿಲ್ಲ,” ಎಂದಳು, ಮೆಲ್ಲಗೆ.

ಹೇಳಿದ್ದರಿಂದ ತನ್ನೆದೆ ಹಗುರವಾಗಿದೆ ಎಂಬುದು ಅವನಿಗೆ ತಿಳಿಯುತ್ತಲೇ ಇತ್ತು. ಆ ಭಾರ ಎಲ್ಲಿಗೆ ಹೋಯಿತು ಎಂಬುದು ಕಣ್ಣೆದುರಿಗೇ ಇತ್ತು.

“ಹೇಳದೇ ಇದ್ದಿದ್ರೂ ನಡೀತಿತ್ತು ಕಣೋ,” ಎಂದಳು ಅಕ್ಕ. ಕೋಪವಿರಲಿಲ್ಲ, ಕೋಪ ಮಾಡಿಕೊಳ್ಳುವಷ್ಟು ಶಕ್ತಿಯೂ ಇರಲಿಲ್ಲ. “ನಿನಗೆ ಆಯಾಸ ಆಗಿರಲ್ವಾ, ಆಗಿರತ್ತೆ. ದಿನಾ ನನ್ನ ಕೊಳೆ ನೀರು ಹೊತ್ತು ಚೆಲ್ಲೋದು ಯಾರಿಗೆ ತಾನೆ ಇಷ್ಟ. ಅದಲ್ಲ. ನೀನೇ ಹೇಳು ಅಂತ ನಿನ್ನೆ ನಿನ್ನ ಮೇಲೆ ಯಾಕೆ ಹಾಕಿದೆ ಗೊತ್ತಾ?”

“ನನ್ನ ಒಪ್ಪಿಗೆ ಬೇಕು ಅಂತ.”

“ನಿನ್ನ ಒಪ್ಪಿಗೆ ತಗೊಂಡು ನಾನೇನು ಮಾಡ್ಲಿ? ನಾನು ಆಗ್ಲೇ ತೀರ್ಮಾನ ಮಾಡಿದ್ದೆ. ನೀನು, ಬೇಡ ಅಕ್ಕ, ಹೋಗೋಣ ಬಾ ಅಂತ ಒಂದು ಸಲ ಅಂತೀಯ, ನಾನು ಆಗಲ್ಲ ಕಣೋ ಅಂತೀನಿ. ಅಷ್ಟೇ ಇದ್ದಿದ್ದು. ಇರು ಅಂತ ಒಂದು ಸಲ ಅನ್ನಿಸ್ಕೊಂಡು ಹೋಗೋಣ ಅಂತ ಆಸೆ. ಮುದುಕಿಗೆ ಚಪಲ.”

“ಹೋಗೋಣ ಅಕ್ಕ,” ಎಂದ ಅವನು ಕೂಡಲೇ. “ನಾಳೆ ಬೆಳಿಗ್ಗೆನೇ ಹೋಗೋಣ.”

ಅವಳು ನಕ್ಕಳು. ನಗುವಾಗ ಉಸಿರು ಕಟ್ಟಿ ಕೆಮ್ಮಿದಳು. “ಈಗ ಬೇಡ ಬಿಡು. ಹೇಳ್ಕೊಟ್ಟ ಪಾಠ ಒಪ್ಪಿಸಿದ ಹಾಗಿದೆ. ಹೋಗು, ಫೋನ್ ಮಾಡು. ಪಾಪ, ಆ ಡಾಕ್ಟರ್ ಹುಡುಗಿ ಆಸ್ಪತ್ರೇಲಿ ಜಾಗ ಹಿಡ್ಕೊಂಡು ಕಾಯ್ತಿರ್ತಾಳೆ. ಇನ್ಯಾರಿಗಾದ್ರೂ ಬೇಕಾಗಿರತ್ತೆ.”

ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದ. ನಾಳೆ ಬರುತ್ತಿಲ್ಲ ಎಂದ. ಡಾಕ್ಟರಮ್ಮ, ನೋವಾಗದ ಹಾಗೆ ನೋಡಿಕೊಳ್ಳೋಣ, ಮಾತ್ರೆ ಬರೆದು ಕಳಿಸುತ್ತೇನೆ, ಉಸಿರಿಗೆ ಕಷ್ಟವಾದರೆ ಯಾವ ಹೊತ್ತಿನಲ್ಲಾದರೂ ಕರೆಯಿರಿ ಎಂದರು. ಇನ್ನು ಚೀಲ ಬದಲಾಯಿಸುವುದೂ ಬೇಕಿಲ್ಲ, ಅವರಿಗೆ ಸುಮ್ಮನೆ ಹಿಂಸೆ. ಇನ್ನೇನಾದರೂ ಕೇಳುವುದಿದೆಯೇ ಎಂದು ಕೇಳಿದರು. ಅವನಿಗೆ ಒಂದು ಪ್ರಶ್ನೆಯೂ ತೋಚಲಿಲ್ಲ.

ಒಳಗೆ ಬಂದು, ಹೊತ್ತಾಯಿತಲ್ಲ ಎಂದು, ನೇರ ಬಚ್ಚಲಿಗೆ ಹೋಗಿ ಸೋಪು ಹಾಕಿ ಮೊಣಕೈವರೆಗೂ ತಿಕ್ಕಿ ತಿಕ್ಕಿ ತೊಳೆದ. ಉಗುರುಗಳ ಸಂದು, ಬೆರಳುಗಳ ಸಂದು. ತೊಳೆದ ಕೈಗಳಿಗೆ ಏನೂ ತಾಕಬಾರದು, ಬಾಗಿಲನ್ನೂ ಭುಜದಿಂದಲೇ ತಳ್ಳಬೇಕು. ಹಾಗೆಯೇ ತಳ್ಳಿಕೊಂಡು, ನೀರು ತೊಟ್ಟಿಕ್ಕುವ ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದುಕೊಂಡು ಮಂಚದ ಹತ್ತಿರ ಬಂದು ನಿಂತ.

“ಯಾಕೋ?” ಎಂದಳು ಅಕ್ಕ. “ಇನ್ನು ಚೀಲ ಬೇಡ ಅಂತ ಹೇಳಿಲ್ವಾ ಅವರು?”

ಆಗ ಅವನಿಗೆ ಅರ್ಥವಾಯಿತು. ಅಲ್ಲಿಯವರೆಗೂ ಆಗಿರಲಿಲ್ಲ. ಇನ್ನು ಸಂಜೆ ಮಾಡುವ ಕೆಲಸವಿಲ್ಲ. ಮಲಗುವ ಮುಂಚೆಯೂ ಇಲ್ಲ. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಹಾಗೆಯೇ ಇದ್ದ, ಮೊಣಕೈಯಿಂದ ನೀರು ಅವಳ ಚಾದರದ ಮೇಲೆ ಬಿತ್ತು, ಅವಳು ಅದನ್ನು ಒರೆಸಲಿಲ್ಲ. ಅವನು ಮಂಚದ ಪಕ್ಕ ನೆಲದ ಮೇಲೆ ಕೂತ. ಊದಿದ ಅವಳ ಕಾಲುಗಳನ್ನು ಎರಡೂ ಕೈಯಿಂದ ಅಪ್ಪಿಕೊಂಡು, ಅವುಗಳಲ್ಲಿ ಮುಖ ಇಟ್ಟು, “ಹೋಗೋಣ ಅಕ್ಕ,” ಎಂದ. “ಇರು. ನಾನು ಒಬ್ಬನೇ ಹೆಂಗಿರಲಿ? ಬಾ, ಹೋಗೋಣ.” ಅಳುವಿನಲ್ಲಿ ಮಾತು ಅರ್ಧ ಹೊರಗೆ ಬಂತು, ಅರ್ಧ ಬರಲಿಲ್ಲ. ಹಾಗೆ ಅತ್ತು ಅವನಿಗೆ ಅಭ್ಯಾಸವಿರಲಿಲ್ಲ.

ಅಕ್ಕ ಕಷ್ಟಪಟ್ಟು ಸ್ವಲ್ಪ ಎದ್ದು, ಕೈ ಚಾಚಿ, ಕೈಗೆ ಎಟುಕಿದ ಅವನ ಕಿವಿಯನ್ನು ಹಿಡಿದುಕೊಂಡಳು.

“ಆಗಲ್ಲ ಕಣೋ,” ಎಂದಳು.